ಪಿಪಿಟಿ ಮಾಡೋದೂ ಒಂದು ಕೆಲಸಾನಾ?

(ಪುಣೆಯಲ್ಲಿ ನಡೆದ ಮಹಿಳಾ ದಿನಾಚರಣೆಯಲ್ಲಿ ನಮ್ಮ ಮಹಿಳಾ ವೇದಿಕೆಯ ಸದಸ್ಯೆಯೊಬ್ಬರು ಮಾಡಿದ ಭಾಷಣದ ಬರಹರೂಪ)



‘ನನ್ನ ಉದ್ಯೋಗ, ನನ್ನ ಹೆಜ್ಜೆ’ ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ ಮಾತಾಡಿ ಎಂದು ಸಂಚಾಲಕಿಯವರು ಹೇಳಿದ್ದಾರೆ. ಇಲ್ಲಿ ಪ್ರೊಜೆಕ್ಟರ್ ಇದೆ, ಪರದೆಯೂ ಇದೆ. ಆದರೂ ಇವತ್ತು ನನ್ನ ಹತ್ತಿರ ಒಂದೂ ಸ್ಲೈಡ್ ಇಲ್ಲ. ಮದುವೆ ಅಡುಗೆ ಮಾಡುವ ಭಟ್ಟರು ಮನೆಗೆ ಬಂದು ಮೊಸರನ್ನ ಉಣ್ಣುತ್ತಾರಲ್ಲ, ಹಾಗೆ ಅಂದುಕೊಳ್ಳಿ.

ನನ್ನ ಉದ್ಯೋಗ ಪ್ರೆಸೆಂಟೇಷನ್ ಡಿಸೈನ್. ಕಂಪನಿಗಳು ಗ್ರಾಹಕರ ಮುಂದೆ, ಬ್ಯಾಂಕಿನವರ ಮುಂದೆ, ಡೀಲರ್‌ಗಳ ಮುಂದೆ ತಮ್ಮ ವಿಷಯ ಹೇಳಬೇಕಾದಾಗ ಬೇಕಾಗುವ ಸ್ಲೈಡ್‌ಗಳನ್ನು ನಾನು ಮತ್ತು ನನ್ನ ಜೊತೆಯ ಇಬ್ಬರು ಹೆಣ್ಣುಮಕ್ಕಳು ತಯಾರಿಸುತ್ತೇವೆ. ಇದನ್ನು ಕೇಳಿದವರಲ್ಲಿ ಹತ್ತಕ್ಕೆ ಎಂಟು ಜನ ಕೇಳುವ ಪ್ರಶ್ನೆ ಒಂದೇ: ‘ಪಿಪಿಟಿ ಮಾಡೋದೂ ಒಂದು ಕೆಲಸಾನಾ? ನಮ್ಮ ಮಗ ಏಳನೇ ಕ್ಲಾಸಲ್ಲೇ ಮಾಡ್ತಾನಲ್ಲ!’ ಮಾಡುತ್ತಾನೆ, ನಿಜ. ಒಲೆ ಎಲ್ಲರ ಮನೆಯಲ್ಲೂ ಇದೆ, ಉಪ್ಪಿಟ್ಟು ಎಲ್ಲರಿಗೂ ಬರುತ್ತದೆ. ಆದರೆ ಐನೂರು ಜನರ ಊಟಕ್ಕೆ ಯಾರನ್ನು ಕರೆಯುತ್ತೇವೆ ಎಂಬುದು ನಿಮಗೇ ಗೊತ್ತು.

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಪವರ್‌ಪಾಯಿಂಟ್ ಮೊದಲು ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅಮೆರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಮತ್ತು ಅವರ ಜೊತೆಗಾರರು ಅದನ್ನು ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಮಾಡಿದರು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1 ಕೋಟಿ 40 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಅದಕ್ಕೆ ಮೊದಲು ಸ್ಲೈಡ್ ಬೇಕಾದರೆ ಕಲಾವಿದರ ಹತ್ತಿರ ಹೋಗಬೇಕಿತ್ತು, ಇಲ್ಲವೇ ಪಾರದರ್ಶಕ ಹಾಳೆಯ ಮೇಲೆ ಬರೆದು ಓವರ್‌ಹೆಡ್ ಪ್ರೊಜೆಕ್ಟರಿನಲ್ಲಿ ಇಡಬೇಕಿತ್ತು. ನಮ್ಮ ಕಾಲೇಜಿನ ಮೇಷ್ಟ್ರುಗಳು ಆ ಹಾಳೆಗಳನ್ನು ಒಂದೊಂದಾಗಿ ಬದಲಿಸುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಾಧನ ಎಲ್ಲರ ಕೈಗೂ ಬಂತು. ಕೈಗೆ ಬಂದ ಮೇಲೆ ಅದರ ಹಿಂದೆ ಒಂದು ವಿದ್ಯೆ ಇದೆ ಎಂಬುದೇ ಮರೆತುಹೋಯಿತು.

ಆ ವಿದ್ಯೆ ಇಲ್ಲದಿದ್ದರೆ ಏನಾಗುತ್ತದೆ? ಒಂದು ಉದಾಹರಣೆ ಹೇಳುತ್ತೇನೆ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಒಡೆದು, ಅದರಲ್ಲಿದ್ದ ಏಳು ಜನ ತೀರಿಕೊಂಡರು. ಅವರಲ್ಲಿ ನಮ್ಮ ಕರ್ನಾಲ್‌ನ ಕಲ್ಪನಾ ಚಾವ್ಲಾ ಒಬ್ಬರು. ನೌಕೆ ಹಾರಿದಾಗಲೇ ಇಂಧನ ಟ್ಯಾಂಕಿನಿಂದ ಫೋಮ್ ತುಂಡೊಂದು ಕಿತ್ತು ಬಂದು ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿ ಇರುವಾಗಲೇ ಎಂಜಿನಿಯರುಗಳು ಇದರ ಬಗ್ಗೆ ನಾಸಾದ ಅಧಿಕಾರಿಗಳಿಗೆ ಸ್ಲೈಡ್‌ಗಳಲ್ಲಿ ವರದಿ ಕೊಟ್ಟರು. ಅದರಲ್ಲಿ ಒಂದು ಸ್ಲೈಡನ್ನು ಎಡ್ವರ್ಡ್ ಟಫ್ಟೆ ಎಂಬ ವಿದ್ವಾಂಸರು ಆಮೇಲೆ ಬಿಡಿಸಿ ತೋರಿಸಿದರು. ತಲೆಬರಹ ಓದಿದರೆ ಎಲ್ಲ ಕ್ಷೇಮ ಎಂಬ ಭಾವನೆ ಬರುತ್ತದೆ. ಅದರ ಕೆಳಗೆ ಬುಲೆಟ್, ಬುಲೆಟ್ಟಿನ ಒಳಗೆ ಇನ್ನೊಂದು ಬುಲೆಟ್. ನಿಜವಾಗಿ ಬಡಿದಿರಬಹುದಾದ ತುಂಡು, ಪ್ರಯೋಗದಲ್ಲಿ ಪರೀಕ್ಷಿಸಿದ ತುಂಡಿಗಿಂತ 640 ಪಟ್ಟು ದೊಡ್ಡದು ಎಂದು ಲೆಕ್ಕ ಹಾಕಲು ಬೇಕಾದ ಅಂಕಿಗಳು ಇದ್ದದ್ದು ಎಲ್ಲಕ್ಕಿಂತ ಕೆಳಗೆ, ಕೊನೆಯ ಸಾಲಿನಲ್ಲಿ! ಇಂಥ ಸ್ಲೈಡ್ ಓದಿದ ಹಿರಿಯ ಅಧಿಕಾರಿಗೆ ಇದು ಪ್ರಾಣಾಪಾಯದ ವಿಷಯ ಎಂದು ಹೊಳೆಯದೆ ಹೋಗಬಹುದು ಎಂದು ಅಪಘಾತದ ತನಿಖಾ ಮಂಡಳಿಯೂ ತನ್ನ ವರದಿಯಲ್ಲಿ ಹೇಳಿತು. ದುರಂತಕ್ಕೆ ಕಾರಣಗಳು ಹಲವು, ಸ್ಲೈಡ್ ಒಂದೇ ಅಲ್ಲ. ಆದರೆ ಮುಖ್ಯವಾದದ್ದು ಎಲ್ಲಿ ಕೂತಿದೆ ಎನ್ನುವುದು ಎಷ್ಟು ದೊಡ್ಡ ವಿಷಯ ಎಂದು ಅದರಿಂದ ತಿಳಿಯುತ್ತದೆ. ನಮ್ಮ ಕೆಲಸದ ತಿರುಳೇ ಅದು. ಬಣ್ಣ, ಚಿತ್ರ, ಅಲಂಕಾರ ಎಲ್ಲ ಆಮೇಲಿನ ಮಾತು.

ಇನ್ನು ನನ್ನ ವಿಷಯ. ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದೆ. ಹಿಂಜೆವಾಡಿಯ ಒಂದು ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಟೆಂಡರ್ ಬಂದಾಗ ಪ್ರಪೋಸಲ್ ಸಿದ್ಧ ಮಾಡುವ ವಿಭಾಗ ನಮ್ಮದು. ಎರಡನೇ ಮಗುವಾದ ಮೇಲೆ ಕೆಲಸ ಬಿಟ್ಟೆ. ಮಗು ಮಲಗಿದ ಹೊತ್ತಿನಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪರಿಚಯದವರಿಗೆ ಸ್ಲೈಡ್ ಮಾಡಿಕೊಡಲು ಶುರು ಮಾಡಿದೆ. ಮೊದಲು ಬಂದ ಹಣ 1,500 ರೂಪಾಯಿ. ನಮ್ಮ ಅತ್ತೆಯವರು ಬೆಳಗಾವಿ ಕಡೆಯವರು. ನೋಡಿ ನೋಡಿ ಒಂದು ದಿನ ಕೇಳಿದರು: ‘ಏನವಾ, ದಿನಾ ಅದರ ಮುಂದ ಕುಂತು ಏನ ಮಾಡ್ತಿ? ನೌಕರಿನೂ ಅಲ್ಲ, ಧಂಧೆನೂ ಅಲ್ಲ.’ ಬೇಸರದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ನಾನು ಅವರಿಗೆ ಒಂದು ಕಂಪನಿಯ ಹಳೆಯ ಸ್ಲೈಡ್, ನಾನು ಮಾಡಿದ ಹೊಸ ಸ್ಲೈಡ್ ಎರಡನ್ನೂ ತೋರಿಸಿದೆ. ಇಂಗ್ಲಿಷ್ ಬಾರದ ಅವರು ಎರಡನೆಯದರ ಮೇಲೆ ಬೆರಳಿಟ್ಟು, ‘ಇದರಾಗ ಈ ಗೀಟು ಮ್ಯಾಲ ಹೊಂಟೈತಿ, ಅಂದ್ರ ಲಾಭ ಆಗೇತಿ ಅಲಾ?’ ಎಂದರು. ನನ್ನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಇಂದಿಗೂ ಯಾರೂ ಪರೀಕ್ಷೆ ಮಾಡಿಲ್ಲ.

ಒಂದು ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಿದರೆ ಇದರಲ್ಲಿ ಏನಿದೆ ಎಂದು ತಿಳಿಯುತ್ತದೆ. ಭೋಸರಿಯಲ್ಲಿ ಒಬ್ಬ ಹೆಣ್ಣುಮಗಳು ವಾಹನಗಳಿಗೆ ರಬ್ಬರ್ ಭಾಗಗಳನ್ನು ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಾರೆ. ಒಂದು ದೊಡ್ಡ ಕಂಪನಿಗೆ ಮಾಲು ಕೊಡುವ ಅವಕಾಶಕ್ಕಾಗಿ ಅವರು ಹೋಗಿ ಮಾತಾಡಬೇಕಿತ್ತು. 47 ಸ್ಲೈಡ್ ಮಾಡಿಕೊಂಡು ನನ್ನ ಬಳಿ ಬಂದರು. ಮೊದಲ ಸ್ಲೈಡಿನಲ್ಲಿ ಸ್ಥಾಪಕರ ಫೋಟೋ, ಎರಡನೆಯದರಲ್ಲಿ ಕಾರ್ಖಾನೆಯ ಪೂಜೆಯ ಫೋಟೋ, ಹನ್ನೊಂದರಲ್ಲಿ ಯಂತ್ರಗಳ ಪಟ್ಟಿ. ನಾನು ಕಂಪ್ಯೂಟರ್ ಮುಟ್ಟಲೇ ಇಲ್ಲ. ಎರಡು ತಾಸು ಪ್ರಶ್ನೆ ಕೇಳಿದೆ. ಎದುರಿಗೆ ಕೂರುವವರು ಯಾರು? ಅವರಿಗೆ ನಿಮ್ಮ ಬಗ್ಗೆ ಯಾವ ಭಯ ಇರುತ್ತದೆ? ಅವರು ಎದ್ದು ಹೋದ ಮೇಲೆ ಒಂದೇ ಮಾತು ನೆನಪಿಟ್ಟುಕೊಂಡರೆ ಅದು ಯಾವುದಾಗಿರಬೇಕು? ಮೂರನೆಯ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಎರಡು ವರ್ಷದಿಂದ ನಮ್ಮ ಒಂದು ಲಾಟೂ ವಾಪಸ್ ಬಂದಿಲ್ಲ.’ ಆ ಮಾತು 31ನೇ ಸ್ಲೈಡಿನಲ್ಲಿ, ಐದನೇ ಬುಲೆಟ್ ಆಗಿ ಕೂತಿತ್ತು. ಅದನ್ನು ತಂದು ಮೊದಲನೆಯದಾಗಿ ಇಟ್ಟೆವು. ಉಳಿದದ್ದೆಲ್ಲ ಅದಕ್ಕೆ ಸಾಕ್ಷಿಯಾಗಿ ಬಂತು. ಕೊನೆಗೆ 12 ಸ್ಲೈಡ್ ಆಯಿತು.

ಆರ್ಡರ್ ಸಿಕ್ಕಿತು. ಅವರ ಮಾಲು ಚೆನ್ನಾಗಿತ್ತು, ಅದಕ್ಕೇ ಸಿಕ್ಕಿತು. ನನ್ನ ಸ್ಲೈಡ್ ಅದನ್ನು ಕಾಣುವ ಹಾಗೆ ಮಾಡಿತು, ಅಷ್ಟೇ. ಆದರೆ ಆಮೇಲೆ ಅವರು ಮಾಡಿದ ಒಂದು ಕೆಲಸ ನಾನು ಮರೆಯುವಂಥದ್ದಲ್ಲ. ಭೋಸರಿಯ ಸಣ್ಣ ಉದ್ಯಮಿಗಳ ಒಂದು ಸಭೆಗೆ ನನ್ನನ್ನು ಕರೆದುಕೊಂಡು ಹೋಗಿ, ‘ಇವರು ನಮ್ಮ ಪ್ರೆಸೆಂಟೇಷನ್ ಡಿಸೈನರ್’ ಎಂದು ಪೂರ್ತಿ ಹೆಸರು ಹೇಳಿ ಪರಿಚಯಿಸಿದರು. ‘ನಮ್ಮ ಪರಿಚಯದವರು’ ಎನ್ನಲಿಲ್ಲ, ‘ಮನೆಯಲ್ಲೇ ಕೂತು ಏನೋ ಮಾಡ್ತಾರೆ’ ಎನ್ನಲಿಲ್ಲ. ಆ ಒಂದು ವಾಕ್ಯದಿಂದ ನನಗೆ ಆ ವರ್ಷ ಆರು ಕೆಲಸ ಬಂದವು.

ಇದಕ್ಕೆ ತದ್ವಿರುದ್ಧ ಅನುಭವವೂ ಆಗಿದೆ. ಒಂದು ದೊಡ್ಡ ಕಂಪನಿಯ ಡೀಲರ್ ಸಮ್ಮೇಳನಕ್ಕೆ ಮೂರು ವಾರ ರಾತ್ರಿ ಹಗಲು ಕೆಲಸ ಮಾಡಿದೆವು. ಸ್ಲೈಡಿಗೆ ಚಪ್ಪಾಳೆ ಬಿತ್ತು. ವಂದನಾರ್ಪಣೆಯಲ್ಲಿ ಹೂವಿನವರಿಗೆ, ಮೈಕಿನವರಿಗೆ, ಊಟದವರಿಗೆ ಧನ್ಯವಾದ ಹೇಳಿದರು, ಸ್ಲೈಡಿಗೆ ‘ನಮ್ಮ ಐಟಿ ತಂಡಕ್ಕೆ’ ಧನ್ಯವಾದ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಅದಾದರೂ ಹೋಗಲಿ, ಬಿಲ್ಲಿನ ಹಣ ಬರಲು ಏಳು ತಿಂಗಳು ಹಿಡಿಯಿತು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: ‘ಮೇಡಂ, ಫೈನಾನ್ಸ್‌ನಲ್ಲಿದೆ.’ ಒಮ್ಮೆಯಂತೂ ಅಲ್ಲಿನ ಒಬ್ಬ ಹುಡುಗ, ‘ನೀವು ಮನೆಯಿಂದ ಮಾಡೋದಲ್ವಾ ಮೇಡಂ, ನಿಮಗೇನು ಅಂಥ ಅರ್ಜೆಂಟು?’ ಎಂದ. ನಮ್ಮ ಜೊತೆ ಕೆಲಸ ಮಾಡುವ ಸೋಲಾಪುರದ ಹುಡುಗಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕಿತ್ತು. ಅವಳ ಮನೆ ನಡೆಯುತ್ತಿದ್ದದ್ದೇ ಅದರಿಂದ. ಆ ಏಳು ತಿಂಗಳು ನಮ್ಮ ಉಳಿತಾಯ ಮುರಿದು ಅವಳ ಸಂಬಳ ಕೊಟ್ಟೆವು. ಬಿಟ್ಟುಬಿಡೋಣ, ಮತ್ತೆ ನೌಕರಿ ಹುಡುಕೋಣ ಎಂದು ನಮ್ಮ ಮನೆಯವರೊಂದಿಗೆ ಕೂತು ಲೆಕ್ಕ ಹಾಕಿದ್ದೂ ಆಗಲೇ.

ಮನ್ನಣೆ ಎನ್ನುವುದು ಹಾರ-ಶಾಲು ಮಾತ್ರ ಅಲ್ಲ ಎಂದು ನನಗೆ ಸ್ಪಷ್ಟವಾದದ್ದು ಆಗ. ಹೊತ್ತಿಗೆ ಸರಿಯಾಗಿ ಬಿಲ್ ಪಾವತಿಯಾಗುವುದೇ ಉದ್ಯೋಗಕ್ಕೆ ಸಿಗುವ ಮೊದಲ ಮನ್ನಣೆ. ಆದ್ದರಿಂದ ಇಲ್ಲಿ ಮನೆಯಿಂದಲೇ ಸಣ್ಣ ಕೆಲಸ ಮಾಡುವ ಅಕ್ಕ-ತಂಗಿಯರಿಗೆ ಉಪಯೋಗವಾಗುವ ಮಾತು ನಾಲ್ಕು ಹೇಳುತ್ತೇನೆ. ಬೇಕಾದವರು ಬರೆದುಕೊಳ್ಳಿ.

ಮೊದಲನೆಯದು, ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ನಾವೇ ಮಾಡಿಕೊಳ್ಳಬಹುದು. ಒಂದು ಪೈಸೆ ಶುಲ್ಕ ಇಲ್ಲ. ದುಡ್ಡು ಕೇಳುವ ಜಾಲತಾಣಗಳ ಹತ್ತಿರ ಹೋಗಬೇಡಿ. ಟ್ಯೂಷನ್, ಟೈಲರಿಂಗ್, ಅನುವಾದ, ಉಪ್ಪಿನಕಾಯಿ-ಚಟ್ನಿಪುಡಿ ತಯಾರಿ, ಯಾವುದೇ ಇರಲಿ, ಆ ಪ್ರಮಾಣಪತ್ರದಲ್ಲಿ ನಿಮ್ಮ ಉದ್ಯಮದ ಹೆಸರು ಇರುತ್ತದೆ. ನನ್ನದನ್ನು ಮುದ್ರಿಸಿ ಅತ್ತೆಯವರಿಗೆ ತೋರಿಸಿದಾಗ ಅವರು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು.

ಎರಡನೆಯದು, 45 ದಿನ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿಗೆ 2006ರ ಕಾಯಿದೆ ಇದೆ. ಅದರ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು, ಬರಹದಲ್ಲಿ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು, ಆದರೆ ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. ಇದರ ಜೊತೆಗೆ ಆದಾಯ ತೆರಿಗೆ ಕಾಯಿದೆಯಲ್ಲಿ 43ಬಿ(ಎಚ್) ಎಂಬ ಅಂಶ ಸೇರಿತು. 2024-25ರ ಅಸೆಸ್‌ಮೆಂಟ್ ವರ್ಷದಿಂದ ಅದು ಜಾರಿಗೆ ಬಂತು. ಕಂಪನಿ ಈ ಅವಧಿಯೊಳಗೆ ನಮಗೆ ಹಣ ಕೊಡದಿದ್ದರೆ, ಕೊಡುವವರೆಗೆ ಆ ಮೊತ್ತವನ್ನು ತನ್ನ ಖರ್ಚು ಎಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ನನ್ನ ಅನುಭವದಲ್ಲಿ ಈ ಕೊನೆಯದಕ್ಕೆ ಇರುವ ಬಲ ಬೇರೆ ಯಾವುದಕ್ಕೂ ಇಲ್ಲ. ಈಗ ಪ್ರತಿ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಬರೆಯುತ್ತೇವೆ. ಮಾರ್ಚ್ ಬಂತೆಂದರೆ ಫೈನಾನ್ಸಿನವರೇ ಫೋನ್ ಮಾಡುತ್ತಾರೆ! ಒಂದು ಎಚ್ಚರಿಕೆ: ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಪಾವತಿ ನಿಯಮದ ರಕ್ಷಣೆ ಸಿಗುವುದಿಲ್ಲ, ತಯಾರಿಕೆ ಮತ್ತು ಸೇವೆಯವರಿಗೆ ಸಿಗುತ್ತದೆ. ನಿಮ್ಮದು ಯಾವುದಕ್ಕೆ ಸೇರುತ್ತದೆ ಎಂದು ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ.

ಮೂರನೆಯದು, ಕೆಲಸ ಶುರುವಾಗುವ ಮೊದಲೇ ಒಂದು ಪುಟ ಬರೆದುಕೊಳ್ಳುವುದು. ಎಷ್ಟು ಸ್ಲೈಡ್, ಎಷ್ಟು ಸಲ ತಿದ್ದಿಕೊಡುತ್ತೇವೆ, ಮುಂಗಡ ಎಷ್ಟು. ನಾವು ಅರ್ಧ ಮುಂಗಡ ತೆಗೆದುಕೊಳ್ಳುತ್ತೇವೆ, ಎರಡು ಸಲ ತಿದ್ದುತ್ತೇವೆ, ಮೂರನೆಯ ಸಲಕ್ಕೆ ಬೇರೆ ದರ. ‘ಸ್ವಲ್ಪ ಕಲರ್ ಹಾಕಿ ಕೊಡಿ ಮೇಡಂ, ಐದು ನಿಮಿಷದ ಕೆಲಸ’ ಎನ್ನುವವರಿಗೆ ಆ ಪುಟ ಕಳಿಸಿದರೆ ಸಾಕು, ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ನಾಲ್ಕನೆಯದು ಹೆಸರು. ನಮ್ಮ ಕೆಲಸ ಗುಟ್ಟಿನದು, ಕಂಪನಿಯ ಒಳಗಿನ ಅಂಕಿ-ಅಂಶಗಳು ಅದರಲ್ಲಿ ಇರುತ್ತವೆ, ಎಲ್ಲೆಂದರಲ್ಲಿ ತೋರಿಸುವಂತಿಲ್ಲ. ಹಾಗಾದರೆ ಹೊಸಬರು ನಮ್ಮನ್ನು ನಂಬುವುದು ಹೇಗೆ? ಅದಕ್ಕೆ ಆ ಒಂದು ಪುಟದಲ್ಲೇ ಇನ್ನೊಂದು ಸಾಲು ಸೇರಿಸುತ್ತೇವೆ: ಅಂಕಿ, ಹೆಸರು, ಲಾಂಛನ ತೆಗೆದು ಮೂರು ಸ್ಲೈಡ್‌ಗಳನ್ನು ಮಾದರಿಯಾಗಿ ತೋರಿಸಬಹುದು, ಕೆಲಸ ಮೆಚ್ಚಿಗೆಯಾದರೆ ನಾಲ್ಕು ಸಾಲಿನ ಅಭಿಪ್ರಾಯ ಬರೆದುಕೊಡಬೇಕು. ಕೇಳಿದರೆ ಬಹುತೇಕ ಜನ ಒಪ್ಪುತ್ತಾರೆ. ತಾವಾಗಿಯೇ ಬಂದು ಕೊಡುವವರು ಕಡಿಮೆ, ಅದಕ್ಕೆ ಕೇಳಬೇಕು.

ಈ ಕೆಲಸದಲ್ಲಿ ಹೆಸರು ಮಾಡಿದವರು ಇಲ್ಲವೇ ಎಂದರೆ, ಇದ್ದಾರೆ. ಅಮೆರಿಕದ ನ್ಯಾನ್ಸಿ ಡುವಾರ್ಟೆ ಮತ್ತು ಅವರ ಪತಿ ಕಟ್ಟಿದ ಡಿಸೈನ್ ಸಂಸ್ಥೆ 1988ರಲ್ಲಿ ಶುರುವಾದದ್ದು. ಹವಾಮಾನ ಬದಲಾವಣೆಯ ಬಗ್ಗೆ ಅಲ್ ಗೋರ್ ಊರೂರು ಸುತ್ತಿ ತೋರಿಸುತ್ತಿದ್ದ ಸ್ಲೈಡ್‌ಗಳಿಗೆ ಕೆಲಸ ಮಾಡಿದ್ದು ಅವರ ಸಂಸ್ಥೆ. ಆ ಸ್ಲೈಡ್‌ಗಳನ್ನೇ ಆಧರಿಸಿ 2006ರಲ್ಲಿ ಬಂದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಸಂಸ್ಥೆ ಶುರುವಾಗಿ ಆ ಹೊತ್ತಿಗೆ ಸುಮಾರು ಹದಿನೆಂಟು ವರ್ಷ! ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ ನಾನು ಈ ಲೆಕ್ಕವನ್ನು ನೆನಪಿಸಿಕೊಳ್ಳುತ್ತೇನೆ.

ಪಟ್ಟು ಹಿಡಿಯುವುದು ಎಂದರೆ ಹಲ್ಲು ಕಚ್ಚಿ ಕೂರುವುದು ಎಂದು ನಾವು ತಿಳಿಯುತ್ತೇವೆ. ನನ್ನ ಪಾಲಿಗೆ ಅದು ದಿನಚರಿ. ಪ್ರತಿ ಶುಕ್ರವಾರ ಬೆಳಿಗ್ಗೆ ಐದು ಫೋನ್, ಹಳೆಯ ಗ್ರಾಹಕರಿಗೆ ಮೂರು, ಹೊಸಬರಿಗೆ ಎರಡು. ಕೆಲಸ ತುಂಬಿ ತುಳುಕುವಾಗಲೂ ಬಿಡುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಸಮ್ಮೇಳನಗಳೆಲ್ಲ ನಿಂತುಹೋದವು, ಎರಡು ತಿಂಗಳು ಒಂದೂ ಕೆಲಸ ಇಲ್ಲ. ಶುಕ್ರವಾರದ ಫೋನ್ ಮಾತ್ರ ನಿಲ್ಲಲಿಲ್ಲ. ‘ಕೆಲಸ ಬೇಡ, ಆರಾಮ ಇದ್ದೀರಾ ಅಂತ ಕೇಳೋಕೆ ಮಾಡಿದೆ’ ಎನ್ನುತ್ತಿದ್ದೆ. ಆಮೇಲೆ ಎಲ್ಲ ಸಭೆಗಳೂ ಆನ್‌ಲೈನ್ ಆದಾಗ ಅವರೇ ಕರೆದರು. ದೊಡ್ಡ ಪರದೆಗೆ ಮಾಡಿದ ಸ್ಲೈಡನ್ನು ಜನ ಮೊಬೈಲ್‌ನಲ್ಲಿ ನೋಡತೊಡಗಿದ್ದರು, ಅಕ್ಷರ ಇರುವೆಯ ಹಾಗೆ ಕಾಣುತ್ತಿತ್ತು. ಎಲ್ಲವನ್ನೂ ಹೊಸದಾಗಿ ಮಾಡಬೇಕಾಯಿತು. ಆಗ ಜೊತೆಗೆ ಸೇರಿದವಳು ನಮ್ಮ ಎರಡನೇ ಹುಡುಗಿ.

ನಮ್ಮ ಸಂಘಕ್ಕೆ ಸಂಬಂಧಿಸಿದ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ರಾಜ್ಯೋತ್ಸವದ ಕನ್ನಡ ಸ್ಲೈಡ್‌ಗಳಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿ ಓದಲು ಬಾರದೆ ಹೋಗುತ್ತದೆ ಎಂದು ಹಲವರು ದೂರುತ್ತಾರೆ. ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮ ಅಕ್ಷರಕ್ಕೆ ಕೆಳಗೆ ಹೆಚ್ಚು ಜಾಗ ಬೇಕು, ಸಾಲುಗಳ ನಡುವಿನ ಅಂತರ ಹೆಚ್ಚಿಸಿದರೆ ಸರಿಹೋಗುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಆದ್ದರಿಂದ ಯೂನಿಕೋಡಿನಲ್ಲೇ ಬರೆಯಿರಿ. ಇಂಗ್ಲಿಷಿಗೆ ಕೊಡುವ ಮರ್ಯಾದೆಯನ್ನು ಕನ್ನಡಕ್ಕೂ ಕೊಡೋಣ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಎಐ ಬಂದಿದೆ, ಎರಡು ಸಾಲು ಬರೆದರೆ ಇಪ್ಪತ್ತು ಸ್ಲೈಡ್ ಬರುತ್ತದೆ, ನಿಮ್ಮ ಗತಿ ಏನು? ಸಣ್ಣ ಕೆಲಸಗಳು ಕಡಿಮೆಯಾಗಿವೆ, ಮುಚ್ಚಿಡುವುದಿಲ್ಲ. ನಾವೂ ಅದನ್ನು ಬಳಸುತ್ತೇವೆ. ಆದರೆ ಭೋಸರಿಯ ಆ ಅಕ್ಕನ 31ನೇ ಸ್ಲೈಡಿನಲ್ಲಿ ಅಡಗಿದ್ದ ಮಾತನ್ನು ಹೊರಗೆ ತಂದದ್ದು ಎರಡು ತಾಸಿನ ಮಾತುಕತೆ. ಆ ಕೂತು ಕೇಳುವ ಕೆಲಸಕ್ಕೆ ಬೆಲೆ ಇರುವವರೆಗೆ ನಾವು ಇರುತ್ತೇವೆ. ಎಷ್ಟು ದಿನ ಎಂದು ಭವಿಷ್ಯ ಹೇಳಲು ನನಗೆ ಬರುವುದಿಲ್ಲ. ಕಲಿಯುವುದನ್ನು ನಿಲ್ಲಿಸಿಲ್ಲ, ಅಷ್ಟು ಹೇಳಬಲ್ಲೆ.

ಕೊನೆಯದಾಗಿ ಈ ವೇದಿಕೆಯ ಮುಂದೆ ಒಂದು ಕೋರಿಕೆ. ಸಂಘದ ಸದಸ್ಯರ ವಿಳಾಸ ಪುಸ್ತಕವನ್ನು ಮೊನ್ನೆ ತಿರುವಿ ಹಾಕಿದೆ. ಗಂಡಸರ ಹೆಸರಿನ ಮುಂದೆ ಎಂಜಿನಿಯರ್, ವಕೀಲರು, ಹೋಟೆಲ್ ಉದ್ಯಮಿ ಎಂದಿದೆ. ಹೆಂಗಸರ ಹೆಸರು ‘ಮತ್ತು ಶ್ರೀಮತಿ’ ಎಂದು ಅದೇ ಸಾಲಿನಲ್ಲಿ ಸೇರಿದೆ. ಬೇಕೆಂದು ಯಾರೂ ಹಾಗೆ ಮಾಡಿದ್ದಲ್ಲ, ಅರ್ಜಿಯಲ್ಲೇ ಅದಕ್ಕೆ ಜಾಗ ಇಲ್ಲ. ಈ ಸಭಾಗೃಹದಲ್ಲಿ ನನಗೆ ಗೊತ್ತಿರುವ ಹಾಗೆಯೇ ಕೇಟರಿಂಗ್ ನಡೆಸುವವರು ಮೂವರು ಇದ್ದಾರೆ, ಸಂಗೀತ ಪಾಠ ಹೇಳುವವರು ಇಬ್ಬರು, ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವವರು ಒಬ್ಬರು, ಮನೆಯಿಂದಲೇ ಲೆಕ್ಕ ಬರೆದುಕೊಡುವವರು ಒಬ್ಬರು. ಮುಂದಿನ ಮುದ್ರಣದಲ್ಲಿ ಪ್ರತಿಯೊಬ್ಬ ಹೆಣ್ಣುಮಗಳ ಪೂರ್ತಿ ಹೆಸರು, ಅದರ ಪಕ್ಕದಲ್ಲಿ ಅವಳು ತಾನೇ ಬರೆದುಕೊಟ್ಟ ಉದ್ಯೋಗ ಇರಲಿ. ಮನೆ ನೋಡಿಕೊಳ್ಳುವವರು ಅದನ್ನೂ ಹೆಮ್ಮೆಯಿಂದ ಬರೆಯಲಿ. ಅದಕ್ಕೆ ಬೇಕಾದ ಅರ್ಜಿಯನ್ನು ನಾನೇ ಮಾಡಿ ತಂದಿದ್ದೇನೆ, ಬಾಗಿಲ ಬಳಿ ಮೇಜಿನ ಮೇಲೆ ಇದೆ. ಚಹಾ ಕುಡಿಯುವ ಮೊದಲು ದಯವಿಟ್ಟು ತುಂಬಿಸಿ ಕೊಡಿ. ಇದಕ್ಕೆ ಮಾತ್ರ ಬಿಲ್ ಹಾಕುವುದಿಲ್ಲ.